ಬೆಂಕಿಯ ಮೇಲಿನ ಟ್ರೈಪಾಡ್ ವಾಲುತ್ತಿದೆಯೇ, ಜಾರುತ್ತಿದೆಯೇ? ದೋಷ ಹುಡುಕುವ ಕೈಪಿಡಿ

ಬಯಲಲ್ಲಿ ಬೆಂಕಿ ಹಾಕಿ, ಮೂರು ಕೋಲುಗಳ ತುದಿ ಸೇರಿಸಿ ಕಟ್ಟಿ ನಿಲ್ಲಿಸಿ (ಇದೇ ಟ್ರೈಪಾಡ್), ನಡುವೆ ಸರಪಳಿಯಲ್ಲಿ ಪಾತ್ರೆ ತೂಗುಹಾಕಿ ಅಡುಗೆ ಮಾಡುವುದು ನೋಡುವುದಕ್ಕೆ ಬಹಳ ಸುಲಭ. ಮಾಡುವುದಕ್ಕೂ ಸುಲಭವೇ. ಆದರೆ ಕೆಟ್ಟರೆ ಒಂದೇ ಗಳಿಗೆಯಲ್ಲಿ ಕೆಡುತ್ತದೆ. ಐದು ಲೀಟರ್ ಕುದಿಯುವ ನೀರು ಕೆಂಡದ ಮೇಲೆ ಮಗುಚಿಕೊಂಡರೆ ಹಾಳಾಗುವುದು ಅಡುಗೆ ಮಾತ್ರ ಅಲ್ಲ. ಹತ್ತಿರ ಕೂತವರ ಕಾಲೂ ಬೇಯುತ್ತದೆ.

ಹಲವು ವರ್ಷ ಹೀಗೆ ಅಡುಗೆ ಮಾಡಿದ ಮೇಲೆ ನನಗೆ ಒಂದು ವಿಷಯ ಖಾತ್ರಿಯಾಗಿದೆ. ಟ್ರೈಪಾಡ್‌ನಲ್ಲಿ ತೊಂದರೆ ಕಾಣಿಸುವ ಜಾಗ ಒಂದು, ಇರುವ ಜಾಗ ಇನ್ನೊಂದು. ಪಾತ್ರೆ ಓಲಾಡುತ್ತದೆ, ನಾವು ಪಾತ್ರೆಯನ್ನೇ ಹಿಡಿದು ನಿಲ್ಲಿಸೋಕೆ ಹೋಗುತ್ತೇವೆ. ತಪ್ಪು ಇರುವುದು ಒಂದು ಕಾಲಿನ ಬುಡದ ಸಡಿಲ ಮಣ್ಣಿನಲ್ಲಿ. ಅದಕ್ಕೇ ಇಲ್ಲಿ ಕಣ್ಣಿಗೆ ಏನು ಕಾಣುತ್ತದೆ ಎಂಬುದರಿಂದ ಶುರು ಮಾಡಿ, ಅದರ ಮೂಲ ಎಲ್ಲಿದೆ ಎಂದು ಹುಡುಕುತ್ತ ಹೋಗೋಣ.

## ಮೊದಲು ಈ ಎರಡು ಮಾತು

ಒಂದು: ಏನೇ ತೊಂದರೆ ಕಂಡರೂ ಮೊದಲು ಪಾತ್ರೆ ಕೆಳಗಿಳಿಸಿ. ಆಮೇಲೆ ಮುಂದಿನ ಕೆಲಸ. ಪಾತ್ರೆ ತೂಗುತ್ತಿರುವಾಗಲೇ ಕಾಲು ಸರಿಸುವುದು, ಗಂಟು ಬಿಗಿಯುವುದು ಬೇಡ. ಮೂರು ಕಾಲಿನಲ್ಲಿ ಒಂದನ್ನು ಎತ್ತಿದರೆ ಉಳಿಯುವುದು ಎರಡೇ. ಎರಡು ಕಾಲಿನ ಮೇಲೆ ಅದು ನಿಲ್ಲುವುದಿಲ್ಲ.

ಎರಡು: ಬೆಂಕಿ ಹಚ್ಚುವ ಮೊದಲೇ ತಣ್ಣೀರಿನಲ್ಲಿ ಪರೀಕ್ಷೆ ಮಾಡಿ. ಪಾತ್ರೆ ತುಂಬ ತಣ್ಣೀರು ಹಾಕಿ ತೂಗುಹಾಕಿ, ಹತ್ತು ನಿಮಿಷ ಹಾಗೇ ಬಿಡಿ. ಒಂದು ಲೀಟರ್ ನೀರು ಒಂದು ಕಿಲೋ. ಹಾಗಾಗಿ ಐದು ಲೀಟರ್ ನೀರು, ಪಾತ್ರೆ, ಸರಪಳಿ ಎಲ್ಲಾ ಸೇರಿ ಏಳೆಂಟು ಕಿಲೋ ಆಗುತ್ತದೆ. ಹತ್ತು ನಿಮಿಷದ ನಂತರ ಗಂಟು ಎಲ್ಲಿತ್ತೋ ಅಲ್ಲೇ ಇದೆಯಾ, ಕಾಲಿನ ಬುಡ ಇಳಿದಿದೆಯಾ ನೋಡಿ. ಆಮೇಲೆ ಪಾತ್ರೆಯನ್ನು ಒಂದು ಗೇಣು ಪಕ್ಕಕ್ಕೆ ಎಳೆದು ಬಿಡಿ. ತೂಗಾಡಿ ತಾನೇ ನಿಲ್ಲಬೇಕು. ಯಾವ ಕಾಲೂ ನೆಲ ಬಿಟ್ಟು ಮೇಲೇಳಬಾರದು. ಈ ಪರೀಕ್ಷೆಗೆ ಖರ್ಚು ಏನೂ ಇಲ್ಲ. ಕೆಳಗೆ ಬರೆದಿರುವ ತೊಂದರೆಗಳಲ್ಲಿ ಅರ್ಧದಷ್ಟು ಇಲ್ಲೇ ಸಿಕ್ಕಿಬೀಳುತ್ತವೆ. ಬಿದ್ದರೂ ಬೀಳುವುದು ತಣ್ಣೀರು.

## ಟ್ರೈಪಾಡ್ ಒಂದು ಕಡೆ ವಾಲುತ್ತಿದೆ

ಮೂರು ಕಾಲಿನ ವಸ್ತು ಕುಂಟುವುದಿಲ್ಲ. ನಾಲ್ಕು ಕಾಲಿನ ಮೇಜು ಏರುಪೇರಿನ ನೆಲದಲ್ಲಿ ಕುಂಟುತ್ತದೆ, ಆದರೆ ಮೂರು ಕಾಲು ಎಂಥ ನೆಲದಲ್ಲೂ ಮೂರೂ ಊರುತ್ತವೆ. ಇದು ಅದರ ಗುಣ. ಮೋಸ ಹೋಗುವುದೂ ಇಲ್ಲೇ. ಅಲುಗಾಡುತ್ತಿಲ್ಲ ಅಂದ ಮಾತ್ರಕ್ಕೆ ಗಟ್ಟಿಯಾಗಿ ನಿಂತಿದೆ ಅಂತ ಅಲ್ಲ. ಒಂದಿಷ್ಟೂ ಅಲುಗದೆ ನಿಂತ ಟ್ರೈಪಾಡ್, ಪಾತ್ರೆ ಸ್ವಲ್ಪ ಎಳೆದ ಕೂಡಲೇ ಪೂರ್ತಿ ಮಗುಚಬಹುದು.

ಮೊದಲು ನೋಡಬೇಕಾದದ್ದು ಸರಪಳಿ ಎಲ್ಲಿಗೆ ಇಳಿಯುತ್ತಿದೆ ಎಂಬುದನ್ನು. ಸರಪಳಿಯ ತುದಿಗೆ ಒಂದು ಕಲ್ಲು ಕಟ್ಟಿ ಬಿಡಿ. ಗಾರೆ ಕೆಲಸದವರ ತೂಕದ ಗುಂಡಿನ ಹಾಗೆ ಅದು ನೆಟ್ಟಗೆ ನಿಲ್ಲುತ್ತದೆ. ಆ ಕಲ್ಲಿನ ಕೆಳಗಿನ ಜಾಗದಿಂದ ಮೂರೂ ಪಾದಗಳಿಗೆ ಒಂದು ಕಡ್ಡಿಯಿಂದ ಅಳೆಯಿರಿ. ಮೂರೂ ಹೆಚ್ಚುಕಡಿಮೆ ಒಂದೇ ಅಳತೆ ಬಂದರೆ ಸರಿ. ಒಂದು ಪಾದ ತೀರಾ ದೂರ, ಉಳಿದೆರಡು ಹತ್ತಿರ ಅಂತಾದರೆ, ಆ ಹತ್ತಿರದ ಎರಡು ಕಾಲಿನ ನಡುವಿನ ಕಡೆಗೆ ಅದು ಬೀಳುತ್ತದೆ.

ಇಲ್ಲಿ ಒಂದು ಲೆಕ್ಕ ತಿಳಿದಿದ್ದರೆ ಒಳ್ಳೆಯದು. ಟ್ರೈಪಾಡ್ ಸಾಮಾನ್ಯವಾಗಿ ಕಾಲಿನ ಮೇಲೆ ಬೀಳುವುದಿಲ್ಲ, ಎರಡು ಕಾಲಿನ ಸಂದಿಯ ಕಡೆಗೆ ಬೀಳುತ್ತದೆ. ಯಾಕೆಂದರೆ ನಡುವಿನಿಂದ ಪಾದಕ್ಕೆ ಇರುವ ದೂರದಲ್ಲಿ ಅರ್ಧ ಮಾತ್ರ ಆ ಸಂದಿಯ ಗೆರೆಗೆ ಇರುತ್ತದೆ. ಪಾದ 80 ಸೆಂ.ಮೀ. ದೂರ ಇದ್ದರೆ, ಸಂದಿಯ ಗೆರೆ 40 ಸೆಂ.ಮೀ. ದೂರ. ನಾವು ಕೂರುವುದು, ಸೌಟು ಹಾಕುವುದು, ಪಾತ್ರೆ ನಮ್ಮ ಕಡೆ ಎಳೆದುಕೊಳ್ಳುವುದು ಎಲ್ಲಾ ಆ ಸಂದಿಯಿಂದಲೇ ಅಲ್ವಾ? ಅಂದರೆ ಅದಕ್ಕೆ ಬಲ ಕಡಿಮೆ ಇರುವ ದಿಕ್ಕಿಗೇ ನಾವು ಎಳೆಯುತ್ತಿದ್ದೇವೆ. ಕಲಕುವಾಗ ಪಾತ್ರೆ ಎಳೆಯಲೇಬೇಕಾದರೆ ಒಂದು ಕಾಲಿನ ಪಕ್ಕ ನಿಂತು, ಆ ಕಾಲಿನ ಕಡೆಗೆ ಎಳೆಯಿರಿ. ಇಷ್ಟು ಸಣ್ಣ ಬದಲಾವಣೆ ಸಾಕು, ಬಹಳ ವ್ಯತ್ಯಾಸ ಆಗುತ್ತದೆ.

ಕಲ್ಲು ನಡುವೆಯೇ ಇಳಿಯುತ್ತಿದೆ, ಆದರೂ ಸ್ವಲ್ಪ ಹೊತ್ತಿಗೆ ವಾಲಿತು ಅಂದರೆ ನೆಲ ನೋಡಿ. ಯಾವ ಕಡೆ ವಾಲಿದೆಯೋ ಆ ಕಡೆಯ ಕಾಲು ಮಣ್ಣಿನಲ್ಲಿ ಇಳಿದಿರುತ್ತದೆ. ಬೆಂಕಿ ಹಚ್ಚುವ ಮೊದಲು ಪ್ರತಿ ಕಾಲಿಗೂ ಮಣ್ಣಿನ ಮಟ್ಟದಲ್ಲಿ ಇದ್ದಿಲಿನಿಂದ ಒಂದು ಗೆರೆ ಎಳೆದಿಟ್ಟರೆ ಇದು ತಟ್ಟನೆ ಗೊತ್ತಾಗುತ್ತದೆ. ಗೆರೆ ಮಣ್ಣಿನ ಕೆಳಗೆ ಹೋಗಿದ್ದರೆ ಕಾಲು ಇಳಿದಿದೆ. ಮರಳು, ಮೆತ್ತನೆ ಮಣ್ಣು, ಮಳೆ ಬಿದ್ದ ನೆಲ ಆದರೆ ಕಾಲಿನ ಕೆಳಗೆ ಚಪ್ಪಟೆ ಕಲ್ಲು ಇಡಿ. ಚೂಪು ಮಾಡಿದ ತುದಿ ಗಟ್ಟಿ ಮಣ್ಣಿಗೆ ಒಳ್ಳೆಯದು, ಮೆತ್ತನೆ ನೆಲಕ್ಕೆ ಅಲ್ಲ.

ಇಳಿಜಾರಿನಲ್ಲಿ ಮೂರೂ ಕಾಲು ಒಂದೇ ಉದ್ದ ಇದ್ದರೆ ತುದಿ ಇಳಿಜಾರಿನ ಕಡೆಗೇ ವಾಲುತ್ತದೆ. ಮೇಲಿನ ಕಡೆಯ ಕಾಲನ್ನು ಇನ್ನಷ್ಟು ಆಚೆ ಸರಿಸಿ ಅಥವಾ ಅದರ ಬುಡ ನೆಲದೊಳಗೆ ಹುಗಿದು, ಕಲ್ಲು ಮತ್ತೆ ನಡುವಿಗೆ ಬರುವ ಹಾಗೆ ಮಾಡಿ. ಇಳಿಜಾರು ಜಾಸ್ತಿ ಇದ್ದರೆ ಜಾಗ ಬದಲಿಸುವುದೇ ಸರಿ. ಅಲ್ಲಿ ಟ್ರೈಪಾಡ್ ನಿಲ್ಲಿಸಿದರೂ ಕೆಂಡ ಉರುಳುತ್ತದೆ.

## ಪಾತ್ರೆ ತಾನಾಗೇ ಕೆಳಗೆ ಬರುತ್ತಿದೆ

ಯಾರೂ ಸರಪಳಿ ಮುಟ್ಟಿಲ್ಲ. ಆದರೂ ಅರ್ಧ ಗಂಟೆಯ ಹಿಂದೆ ಕೆಂಡದಿಂದ ಒಂದು ಗೇಣು ಮೇಲಿದ್ದ ತಳ ಈಗ ನಾಲ್ಕು ಬೆರಳಿಗೆ ಬಂದಿದೆ. ಮೂರೂ ಕಾಲು ಸಮನಾಗಿ ಇಳಿದಿರುವುದು ಅಪರೂಪ. ಹೆಚ್ಚಾಗಿ ಕಾಲುಗಳು ಹೊರಕ್ಕೆ ಜಾರುತ್ತಿರುತ್ತವೆ, ಇಲ್ಲವೇ ತುದಿಯ ಕಟ್ಟು ಜಾರುತ್ತಿರುತ್ತದೆ. ಯಾವುದು ಅಂತ ತಿಳಿಯುವುದು ಸುಲಭ. ನೆಲದ ಮೇಲೆ ಕಾಲು ಗೀಚಿದ ಗುರುತು ಇದ್ದರೆ ಕಾಲು. ಇಲ್ಲದಿದ್ದರೆ ಕಟ್ಟು.

ಕಾಲು ಹೊರಕ್ಕೆ ಜಾರಲು ಕಾರಣ ಕೋನ. ಕಾಲುಗಳನ್ನು ಅಗಲಿಸಿದಷ್ಟೂ ಭದ್ರ ಅಂತ ಅನಿಸುತ್ತದೆ. ಒಂದು ಮಟ್ಟದವರೆಗೆ ಅದು ನಿಜ. ಆಮೇಲೆ ಉಲ್ಟಾ ಆಗುತ್ತದೆ. 9 ಕಿಲೋ ಭಾರ ತೂಗುಹಾಕಿದಾಗ ಪ್ರತಿ ಕಾಲಿಗೂ 3 ಕಿಲೋ ಬರುತ್ತದೆ. ಕಾಲು ನೆಟ್ಟಗಿನ ಗೆರೆಯಿಂದ 30 ಡಿಗ್ರಿ ಓರೆಯಾಗಿದ್ದರೆ ಪಾದವನ್ನು ಹೊರಕ್ಕೆ ತಳ್ಳುವ ಬಲ ಸುಮಾರು 1.7 ಕಿಲೋದಷ್ಟು. 45 ಡಿಗ್ರಿ ಆದರೆ 3 ಕಿಲೋ. 60 ಡಿಗ್ರಿ ಆದರೆ 5 ಕಿಲೋ ದಾಟುತ್ತದೆ. ಅಂದರೆ ಕಾಲು ಒಂದು ಸಲ ಜಾರಲು ಶುರು ಮಾಡಿದರೆ, ಜಾರಿದಷ್ಟೂ ತಳ್ಳುವ ಬಲ ಜಾಸ್ತಿಯಾಗುತ್ತ ಹೋಗುತ್ತದೆ. ಅದು ತಾನಾಗೇ ನಿಲ್ಲುತ್ತದೆ ಅಂತ ಕಾಯಬಾರದು.

ಕೋನ ಅಳೆಯುವ ಸಾಧನ ಬೇಕಿಲ್ಲ. ಎರಡು ಪಾದಗಳ ನಡುವಿನ ಅಂತರ ಕಾಲಿನ ಉದ್ದಕ್ಕಿಂತ ಜಾಸ್ತಿ ಇರಬಾರದು. ಉದ್ದ ಅಂದರೆ ಗಂಟಿನಿಂದ ಪಾದದವರೆಗೆ. ಹಾಗೆಯೇ ಆ ಉದ್ದದ ಅರ್ಧಕ್ಕಿಂತ ಕಡಿಮೆಯೂ ಇರಬಾರದು, ಆಗ ಮಗುಚುವ ಭಯ. ಎರಡು ಮೀಟರ್ ಕಾಲಿಗೆ ಪಾದಗಳ ನಡುವೆ ಸುಮಾರು 1.7 ಮೀಟರ್ ಬಿಟ್ಟರೆ 30 ಡಿಗ್ರಿ ಹತ್ತಿರ ಬರುತ್ತದೆ. ನನಗೆ ಇದೇ ಹಿತ.

ಕೋನ ಸರಿಯಾಗಿದ್ದೂ ಜಾರುತ್ತಿದ್ದರೆ ಪಾದಕ್ಕೆ ಹಿಡಿತ ಕೊಡಿ. ಮಣ್ಣಾದರೆ ಪ್ರತಿ ಕಾಲಿಗೂ ಹತ್ತು ಹದಿನೈದು ಸೆಂ.ಮೀ. ಗುಂಡಿ ತೋಡಿ ಅದರೊಳಗೆ ಊರಿ. ಬಂಡೆಯ ಮೇಲೆ ಗುಂಡಿ ಆಗುವುದಿಲ್ಲ. ಅಲ್ಲಿ ಪಾದದ ಹೊರಗಡೆ ಭಾರದ ಕಲ್ಲು ಒತ್ತಿಡಿ, ಇಲ್ಲವೇ ಮೂರೂ ಕಾಲುಗಳನ್ನು ಬುಡದಲ್ಲಿ ಹಗ್ಗದಿಂದ ಸುತ್ತ ಬಿಗಿದು ಕಟ್ಟಿ. ಆ ಹಗ್ಗ ಕಾಲಿನಿಂದ ಕಾಲಿಗೆ ಹೊರಗಿನ ಅಂಚಿನಲ್ಲೇ ಹೋಗಬೇಕು, ಕೆಂಡದ ಮೇಲೆ ಹಾಯಬಾರದು. ಕತ್ತಲಾದ ಮೇಲೆ ಯಾರಾದರೂ ಎಡವದ ಹಾಗೆ ಅದಕ್ಕೆ ಒಂದು ಬಿಳಿ ಬಟ್ಟೆಯ ತುಂಡು ಕಟ್ಟಿಡಿ.

## ತುದಿಯ ಕಟ್ಟು ಜಾರುತ್ತಿದೆ

ನನಗೆ ಹೆಚ್ಚು ಪಾಠ ಕಲಿಸಿದ್ದು ಈ ದೋಷ. ಒಂದು ಸಂಜೆ ಹಸಿ ಕೋಲು ಕಡಿದು, ಹಗ್ಗ ಚೆನ್ನಾಗಿ ಬಿಗಿದು, ಪಾತ್ರೆ ತೂಗುಹಾಕಿದ್ದೆ. ಸ್ವಲ್ಪ ಹೊತ್ತಿಗೆ ಪಾತ್ರೆ ಇಳಿದ ಹಾಗೆ ಕಂಡಿತು. ಗಂಟು ನೋಡಿದರೆ ಒಂದು ಎಳೆಯೂ ಸಡಿಲವಾಗಿರಲಿಲ್ಲ. ಹಗ್ಗ ತೊಗಟೆಗೆ ಕಚ್ಚಿಕೊಂಡೇ ಇತ್ತು. ಆದರೆ ತೊಗಟೆಯೇ ಕೋಲು ಬಿಟ್ಟು, ಅಂಗಿಯ ತೋಳು ಸರಿದ ಹಾಗೆ, ಎರಡು ಬೆರಳು ಸರಿದಿತ್ತು. ಅದರ ಮೇಲ್ಗಡೆ ಬೆಳ್ಳಗಿನ ಮರ ಸೋಪು ಹಚ್ಚಿದ ಹಾಗೆ ಒದ್ದೆಯಾಗಿ ಹೊಳೆಯುತ್ತಿತ್ತು. ಬೆರಳು ಇಟ್ಟರೆ ಜಾರಿತು. ಹಗ್ಗ ಗಟ್ಟಿ, ಗಂಟು ಗಟ್ಟಿ, ನಡುವಿನ ಆ ಅಂಟು ನೀರಿನ ಪದರ ಮಾತ್ರ ಗಟ್ಟಿ ಇರಲಿಲ್ಲ.

ಮರಗಳು ಚಿಗುರಿ ಬೆಳೆಯುವ ಕಾಲದಲ್ಲಿ ತೊಗಟೆಯ ಕೆಳಗೆ ರಸ ಜಾಸ್ತಿ ಇರುತ್ತದೆ, ಆಗ ಹೀಗೆ ಆಗುತ್ತದೆ. ಪರಿಹಾರ ಸರಳ. ಕಟ್ಟು ಬರುವ ಜಾಗದಲ್ಲಿ ಒಂದು ಗೇಣು ತೊಗಟೆ ಸುಲಿದು, ಒಣ ಬಟ್ಟೆಯಿಂದ ಒರೆಸಿ, ಬೂದಿ ಉಜ್ಜಿ, ಆಮೇಲೆ ಕಟ್ಟಿ. ಚಾಕುವಿನಿಂದ ತೆಳುವಾಗಿ ಒಂದು ಕಚ್ಚು ಮಾಡಿದರೆ ಹಗ್ಗ ಅಲ್ಲೇ ಕೂರುತ್ತದೆ. ಕಚ್ಚು ಆಳ ಬೇಡ, ಕೋಲು ಅಲ್ಲೇ ಮುರಿಯುತ್ತದೆ.

ತೊಗಟೆ ಸರಿಯಿದೆ, ಹಗ್ಗವೇ ಸಡಿಲ ಅಂದರೆ ಹಗ್ಗ ಒದ್ದೆಯಿದ್ದಾಗ ಕಟ್ಟಿದ್ದಿರಾ ನೆನಪು ಮಾಡಿಕೊಳ್ಳಿ. ತೆಂಗಿನ ನಾರು, ಸೆಣಬು, ಹತ್ತಿ ಇಂಥ ಹಗ್ಗ ನೆಂದಾಗ ಎಳೆ ಉಬ್ಬಿ ಬಿಗಿಯಾಗುತ್ತದೆ. ಒಣಗಿದಾಗ ಸಡಿಲ. ಬೆಂಕಿಯ ಕಾವಿಗೆ ಬೇಗ ಒಣಗುತ್ತದೆ. ಹಾಗಾಗಿ ಒದ್ದೆ ಹಗ್ಗದ ಕಟ್ಟು ಶುರುವಿನಲ್ಲಿ ಕಲ್ಲಿನ ಹಾಗಿರುತ್ತದೆ, ಅಡುಗೆ ಮುಗಿಯುವ ಹೊತ್ತಿಗೆ ಬಳೆಯ ಹಾಗೆ ಆಡುತ್ತದೆ. ಒಣ ಹಗ್ಗದಿಂದಲೇ ಕಟ್ಟಿ. ಬೇರೆ ಹಗ್ಗ ಇಲ್ಲದಿದ್ದರೆ ಕಟ್ಟಿದ ಅರ್ಧ ಗಂಟೆಗೆ ಪಾತ್ರೆ ಇಳಿಸಿ ಇನ್ನೊಮ್ಮೆ ಬಿಗಿಯಿರಿ.

ಇನ್ನೂ ಜಾರುತ್ತದೆ ಅಂದರೆ ಕಟ್ಟಿದ ರೀತಿಯೇ ತಪ್ಪಿರಬೇಕು. ಸುಮ್ನೆ ಮೂರೂ ಕೋಲು ಸೇರಿಸಿ ಸುತ್ತಿದರೆ ಸಾಲದು. ಪೂರ್ತಿ ಬಿಚ್ಚಿ ಹೀಗೆ ಕಟ್ಟಿ. ಮೂರು ಕೋಲು ಪಕ್ಕಪಕ್ಕ ನೆಲದ ಮೇಲೆ ಮಲಗಿಸಿ. ಅಂಚಿನ ಕೋಲಿಗೆ ಹಗ್ಗದ ತುದಿ ಗಂಟು ಹಾಕಿ. ಆಮೇಲೆ ಚಾಪೆ ಹೆಣೆದ ಹಾಗೆ, ಒಂದು ಕೋಲಿನ ಮೇಲೆ, ಮುಂದಿನದರ ಕೆಳಗೆ ಹಗ್ಗ ಹಾಯಿಸುತ್ತ ಆರರಿಂದ ಎಂಟು ಸುತ್ತು ಬರಲಿ. ನಂತರ ಎರಡು ಕೋಲುಗಳ ಸಂದಿಯಲ್ಲಿ ಹಗ್ಗ ತೂರಿಸಿ, ಈಗಾಗಲೇ ಹಾಕಿದ ಸುತ್ತುಗಳನ್ನೇ ಹಿಂಡುವ ಹಾಗೆ ಎರಡು ಸಲ ಅಡ್ಡ ಬಿಗಿಯಿರಿ. ಎರಡೂ ಸಂದಿಗೆ ಹೀಗೆ ಮಾಡಿ. ಬಹಳ ಜನ ಬಿಡುವುದು ಈ ಅಡ್ಡ ಬಿಗಿತವನ್ನೇ, ಕಟ್ಟಿಗೆ ಹಿಡಿತ ಬರುವುದು ಇದರಿಂದಲೇ. ಎತ್ತಿ ನಿಲ್ಲಿಸುವಾಗ ಅಂಚಿನ ಎರಡು ಕಾಲು ಒಂದು ಕಡೆಗೆ, ನಡುವಿನದು ಎದುರು ಕಡೆಗೆ ಹೋಗಲಿ. ಕಾಲು ಅಗಲಿಸಿದಂತೆ ಕಟ್ಟು ಇನ್ನೂ ಬಿಗಿಯಾಗುತ್ತದೆ.

ಕಾಲು ಅಗಲಿಸೋಕೇ ಆಗುತ್ತಿಲ್ಲ, ಕೋಲು ಬಾಗುತ್ತಿದೆ ಅಂದರೆ ತೀರಾ ಬಿಗಿಯಾಗಿದೆ. ಬಲವಂತ ಮಾಡಬೇಡಿ. ಅಡ್ಡ ಬಿಗಿದ ಸುತ್ತುಗಳನ್ನು ಮಾತ್ರ ಬಿಚ್ಚಿ, ಸ್ವಲ್ಪ ಸಡಿಲಿಸಿ ಮತ್ತೆ ಹಾಕಿದರೆ ಆಯಿತು.

## ಗಂಟಿನ ಹತ್ತಿರ ಹಗ್ಗ ಕಪ್ಪಾಗುತ್ತಿದೆ, ಸುಟ್ಟ ವಾಸನೆ ಬರುತ್ತಿದೆ

ಹೊಗೆಯ ಮಸಿಯೂ ಹಗ್ಗವನ್ನು ಕಪ್ಪು ಮಾಡುತ್ತದೆ. ಅದು ಅಪಾಯ ಅಲ್ಲ. ಪಾತ್ರೆ ಇಳಿಸಿ, ಹಗ್ಗ ತಣಿದ ಮೇಲೆ ಬೆರಳಿನಿಂದ ಉಜ್ಜಿ. ಬೆರಳಿಗೆ ಕಪ್ಪು ಬಂದು ಎಳೆ ಗಟ್ಟಿಯಿದ್ದರೆ ಬರೀ ಮಸಿ. ಎಳೆಯೇ ಪುಡಿಪುಡಿಯಾಗಿ ಉದುರಿದರೆ ಹಗ್ಗ ಸುಟ್ಟಿದೆ. ಆ ಹಗ್ಗ ಇನ್ನು ಬಳಸಬಾರದು.

ನೈಲಾನ್, ಪ್ಲಾಸ್ಟಿಕ್ ಹಗ್ಗದ ಕಥೆ ಬೇರೆ. ಅದು ಮೊದಲೇ ಎಚ್ಚರಿಕೆ ಕೊಡುವುದಿಲ್ಲ. ಪಾಲಿಪ್ರೊಪಿಲೀನ್ ಹಗ್ಗ ಸುಮಾರು 160 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ನೈಲಾನ್ 220ರ ಆಸುಪಾಸಿನಿಂದ. ಕರಗುವ ಮೊದಲೇ ಬಲ ಕಳೆದುಕೊಂಡಿರುತ್ತದೆ. ಹಗ್ಗದ ಮೇಲೆ ಹೊಳಪು ಬಂದರೆ, ಎಳೆಗಳು ಅಂಟಿಕೊಂಡರೆ, ಹನಿ ಇಳಿದರೆ ಒಂದು ಕ್ಷಣವೂ ಕಾಯಬೇಡಿ. ಬೆಂಕಿಯ ಮೇಲಿನ ಕಟ್ಟಿಗೆ ನಾರಿನ ಹಗ್ಗ ಅಥವಾ ಕಬ್ಬಿಣದ ತಂತಿಯೇ ಸರಿ. ನಾರು ಕರಗುವುದಿಲ್ಲ, ನಿಧಾನವಾಗಿ ಕರಿಯಾಗುತ್ತ ಹೋಗುತ್ತದೆ. ನೋಡಿ ಎಚ್ಚೆತ್ತುಕೊಳ್ಳಲು ಸಮಯ ಸಿಗುತ್ತದೆ.

ಕಾರಣ ಸಾಮಾನ್ಯವಾಗಿ ಎರಡೇ. ಬೆಂಕಿ ದೊಡ್ಡದು, ಇಲ್ಲವೇ ಕಾಲು ಗಿಡ್ಡ. ಕಾಲು ಉದ್ದ ಮಾಡುವುದಕ್ಕಿಂತ ಸೌದೆ ಕಡಿಮೆ ಮಾಡುವುದು ಸುಲಭ. ಗಂಟಿನಿಂದ ಜೋತುಬಿದ್ದ ಹಗ್ಗದ ಬಾಲವನ್ನೂ ಕತ್ತರಿಸಿ. ಕಿಡಿ ಮೊದಲು ಹತ್ತುವುದು ಅದಕ್ಕೇ. ಪಾತ್ರೆಯ ಸರಪಳಿಯನ್ನು ಹಗ್ಗಕ್ಕೇ ಸಿಕ್ಕಿಸುವ ಬದಲು ಕೋಲುಗಳ ಕವಲಿನ ಮೇಲೆ ಸುತ್ತಿ ಬಿಟ್ಟರೆ ಹಗ್ಗದ ಮೇಲಿನ ಭಾರವೂ ಕಡಿಮೆಯಾಗುತ್ತದೆ.

## ಪಾತ್ರೆ ಓರೆಯಾಗಿದೆ, ಗಿರಗಿರ ತಿರುಗುತ್ತಿದೆ, ಕೊಕ್ಕೆ ಕಳಚುತ್ತಿದೆ

ಓರೆಯಾಗಿದ್ದರೆ ಕೊಕ್ಕೆ ಹಿಡಿಕೆಯ ನಡುವಿನಲ್ಲಿ ಇಲ್ಲ. ಹಿಡಿಕೆಯ ನಡುವೆ ಎರಡು ಕಡೆ ತೆಳು ತಂತಿ ಬಿಗಿಯಾಗಿ ಸುತ್ತಿ, ನಡುವೆ ಕೊಕ್ಕೆ ಕೂರುವಷ್ಟು ಜಾಗ ಬಿಡಿ. ಮತ್ತೆ ಸರಿಯುವುದಿಲ್ಲ. ಹಿಡಿಕೆ ಸೇರುವ ಕಿವಿಗಳನ್ನೂ ಅಲುಗಿಸಿ ನೋಡಿ. ಅಲ್ಲಿನ ರಿವೆಟ್ ಆಡುತ್ತಿದ್ದರೆ ಆ ಪಾತ್ರೆ ತೂಗುಹಾಕುವುದಕ್ಕೆ ಅಲ್ಲ.

ಗಿರಗಿರ ತಿರುಗುವುದು ಸರಪಳಿಯ ತಿರುಚು ಬಿಡಿಸಿಕೊಳ್ಳುವುದರಿಂದ. ಖಾಲಿ ಸರಪಳಿಯನ್ನು ಒಮ್ಮೆ ಜೋತುಬಿಟ್ಟು, ತಿರುಗಿ ನಿಂತ ಮೇಲೆ ಪಾತ್ರೆ ಹಾಕಿ.

ಕೊಕ್ಕೆ ಕಳಚುವುದು ಮಾತ್ರ ಗಂಭೀರ. ಅದು ಭಾರ ಇದ್ದಾಗ ಕಳಚುವುದಿಲ್ಲ, ಭಾರ ಹೋದಾಗ ಕಳಚುತ್ತದೆ. ರುಚಿ ನೋಡೋಕೆ ಅಂತ ಪಾತ್ರೆಯನ್ನು ಒಂದಿಷ್ಟು ಎತ್ತುತ್ತೇವೆ. ಆಗ ಕೊಕ್ಕೆ ಸಡಿಲವಾಗಿ, ಸರಪಳಿಯ ಬಳೆಯಿಂದ ಮೆಲ್ಲಗೆ ಹೊರಳಿ ತುದಿಯ ಮೇಲೆ ನಿಲ್ಲುತ್ತದೆ. ಕೈ ಬಿಟ್ಟ ಕೂಡಲೇ ಪಾತ್ರೆ ಕೆಳಗೆ. ಎಸ್ ಆಕಾರದ ಕೊಕ್ಕೆಯಾದರೆ ಮೇಲಿನ ಬಾಯಿಯನ್ನು ಇಕ್ಕಳದಿಂದ ಪೂರ್ತಿ ಮುಚ್ಚಿಬಿಡಿ. ಕೆಳಗಿನ ಬಾಯಿ ಆಳವಾಗಿರಲಿ. ಪ್ರತಿ ಸಲ ಪಾತ್ರೆ ಬಿಡುವ ಮೊದಲು ಕೊಕ್ಕೆ ನೋಡುವ ಅಭ್ಯಾಸ ಮಾಡಿಕೊಳ್ಳಿ. ಕೊಕ್ಕೆಯ ಬಾಯಿ ಮೊದಲಿಗಿಂತ ಅಗಲವಾಗಿದ್ದರೆ ಕಬ್ಬಿಣ ತೆಳುವಾಯಿತು ಎಂದರ್ಥ. ಬಗ್ಗಿಸಿ ಸರಿಮಾಡಬೇಡಿ, ದಪ್ಪನೆಯದು ತನ್ನಿ.

ಬಿಸಿ ಸರಪಳಿ ಹಿಡಿಯುವುದಕ್ಕೆ ಒದ್ದೆ ಬಟ್ಟೆ ಬಳಸಬೇಡಿ. ನೀರು ಶಾಖವನ್ನು ಬೇಗ ದಾಟಿಸುತ್ತದೆ, ಆವಿಯಾಗಿ ಕೈ ಸುಡುತ್ತದೆ. ದಪ್ಪನೆಯ ಒಣ ಬಟ್ಟೆ, ಚರ್ಮದ ಕೈಗವಸು ಅಥವಾ ಕವಲು ಕೋಲು ಬೇಕು.

## ಎಷ್ಟು ಹೊತ್ತಾದರೂ ಕುದಿಯುತ್ತಿಲ್ಲ

ಮೊದಲು ಮುಚ್ಚಳ ಮುಚ್ಚಿ. ಆಮೇಲೆ ಎತ್ತರ ನೋಡಿ. ಉರಿಯ ತುದಿ ಪಾತ್ರೆಯ ತಳಕ್ಕೆ ತಾಗುವಷ್ಟು ಹತ್ತಿರ ಇರಬೇಕು. ಪಾತ್ರೆ ಇಳಿಸಿಟ್ಟು, ತಳ ಇದ್ದ ಎತ್ತರದಲ್ಲಿ ಅಂಗೈ ಹಿಡಿದು ಎಣಿಸಿ. ಎರಡರಿಂದ ನಾಲ್ಕು ಸೆಕೆಂಡಿಗೆ ಕೈ ತೆಗೆಯುವ ಹಾಗಾದರೆ ಶಾಖ ಜೋರಾಗಿದೆ. ಐದಾರು ಸೆಕೆಂಡು ತಡೆದರೆ ಮಧ್ಯಮ. ಎಂಟು ದಾಟಿದರೆ ಕುದಿಸುವ ಶಾಖ ಅಲ್ಲ. ಉರಿ ಮೇಲೆದ್ದು ಆಡುತ್ತಿರುವಾಗ ಈ ಪರೀಕ್ಷೆ ಬೇಡ, ಕೆಂಡದ ಮೇಲೆ ಮಾತ್ರ.

ಉರಿ ಚೆನ್ನಾಗಿದೆ, ಆದರೂ ಕುದಿಯುತ್ತಿಲ್ಲ ಅಂದರೆ ಗಾಳಿ. ಗಾಳಿಗೆ ಉರಿ ಒಂದು ಕಡೆ ಬಾಗಿ, ಶಾಖ ಪಾತ್ರೆಯನ್ನು ತಪ್ಪಿಸಿಕೊಂಡು ಹೋಗುತ್ತದೆ. ಪಾತ್ರೆಯ ಒಂದೇ ಪಕ್ಕ ಮಸಿ ಹಿಡಿದಿರುವುದು ಇದರ ಗುರುತು. ಗಾಳಿ ಬರುವ ಕಡೆಗೆ ಒಣ ಕಲ್ಲು ಅಥವಾ ದಪ್ಪ ಹಸಿ ಮರದ ತುಂಡು ಅಡ್ಡ ಇಡಿ. ಟ್ರೈಪಾಡ್ ಕಾಲಿಗೇ ಬಟ್ಟೆ ಕಟ್ಟಿ ಮರೆ ಮಾಡುವುದು ಬೇಡ. ಬಟ್ಟೆ ಗಾಳಿ ಹಿಡಿದು ಇಡೀ ಟ್ರೈಪಾಡನ್ನೇ ಕೆಡವುತ್ತದೆ, ಬೆಂಕಿಯೂ ಹತ್ತುತ್ತದೆ.

ಹೊಗೆ ಜಾಸ್ತಿ, ಉರಿ ಕಡಿಮೆ ಅಂದರೆ ಸೌದೆ ಹಸಿ. ಸೌದೆಯ ತುದಿಯಲ್ಲಿ ಚುಂಯ್ ಅಂತ ನೊರೆ ಬರುತ್ತದೆ. ಹಾಕುವ ಮೊದಲೇ ತಿಳಿಯಬೇಕಾದರೆ ಎರಡು ತುಂಡು ಒಂದಕ್ಕೊಂದು ಬಡಿಯಿರಿ. ಒಣಗಿದ್ದು ಟಣ್ ಅನ್ನುತ್ತದೆ, ಹಸಿಯದು ದಬ್ ಅನ್ನುತ್ತದೆ. ಹಸಿ ಸೌದೆಯಲ್ಲಿ ಶಾಖದ ಒಂದು ಪಾಲು ಅದರ ನೀರನ್ನೇ ಆವಿ ಮಾಡುವುದಕ್ಕೆ ಖರ್ಚಾಗುತ್ತದೆ.

ಇನ್ನು ಎತ್ತರದ ಜಾಗದಲ್ಲಿದ್ದರೆ ಕುದಿಯುತ್ತದೆ, ಆದರೆ ಬೇಯುವುದಿಲ್ಲ. ಸುಮಾರು 300 ಮೀಟರ್ ಏರಿದಂತೆ ನೀರು ಕುದಿಯುವ ಶಾಖ ಒಂದು ಡಿಗ್ರಿ ಇಳಿಯುತ್ತದೆ. 3,000 ಮೀಟರ್‌ನಲ್ಲಿ 90 ಡಿಗ್ರಿಗೇ ಕುದಿಯುತ್ತದೆ. ಅಲ್ಲಿ ಬೆಂಕಿ ಜಾಸ್ತಿ ಮಾಡಿ ಪ್ರಯೋಜನ ಇಲ್ಲ. ಹೊತ್ತು ಜಾಸ್ತಿ ಕೊಡಬೇಕು ಅಷ್ಟೇ.

## ತಳ ಸೀಯುತ್ತಿದೆ, ಉಕ್ಕುತ್ತಿದೆ

ಸರಪಳಿ ಎರಡು ಮೂರು ಬಳೆ ಗಿಡ್ಡ ಮಾಡಿ. ಗಟ್ಟಿ ಅಡುಗೆಯನ್ನು ಉರಿಯ ಮೇಲೆ ಮಾಡಬಾರದು, ಕೆಂಡವಾದ ಮೇಲೆ ಮಾಡಬೇಕು. ನೀರು ಇರುವವರೆಗೆ ಪಾತ್ರೆಯ ತಳ ನೂರು ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ನೀರು ಇಂಗಿದ ಮೇಲೆ ಏರುತ್ತ ಹೋಗುತ್ತದೆ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಒಳ್ಳೆಯ ಕೆಂಡಕ್ಕೆ ಅದು ಕಷ್ಟವಲ್ಲ. ಬೀಡು ಕಬ್ಬಿಣದ ಪಾತ್ರೆ ಒಣಗಿ ಕಾದಿದ್ದರೆ ತಣ್ಣೀರು ಸುರಿಯಬೇಡಿ, ಬಿರುಕು ಬಿಡುತ್ತದೆ. ಇಳಿಸಿ, ತಾನೇ ತಣಿಯಲಿ.

## ಚಟಪಟ ಸದ್ದು, ಸಿಡಿತ

ಸೌದೆ ಚಟಪಟ ಅನ್ನುವುದು ಸಹಜ. ಕಾಲಿನ ಕೋಲಿನಿಂದ ಕಿರ್ ಅನ್ನುವ ಸದ್ದು ಬಂದರೆ ಸಹಜ ಅಲ್ಲ. ಪಾತ್ರೆ ಇಳಿಸಿ, ಕೋಲನ್ನು ತುದಿಯಿಂದ ಬುಡದವರೆಗೆ ನೋಡಿ. ಉದ್ದಕ್ಕೆ ಸೀಳು ಇದ್ದರೆ, ಗಂಟಿನ ಹತ್ತಿರ ಬಾಗಿದ್ದರೆ, ಬದಲಿಸಿ. ಬಿದ್ದು ಒಣಗಿದ ಕೋಲು ಹಗುರ, ಆದರೆ ಹುಳು ತಿಂದಿದ್ದರೆ ಎಚ್ಚರಿಕೆ ಇಲ್ಲದೆ ಮುರಿಯುತ್ತದೆ. ಮಣಿಕಟ್ಟಿನಷ್ಟು ದಪ್ಪದ ಗಟ್ಟಿ ಹಸಿ ಕೋಲು ಒಳ್ಳೆಯದು. ಕಣಗಿಲೆಯ ಕೋಲು ಮಾತ್ರ ಬೇಡ, ಅದರ ರಸವೂ ಹೊಗೆಯೂ ವಿಷ.

ಬಿದಿರು ಕಾಲಿಗೆ ಚೆನ್ನಾಗಿ ಆಗುತ್ತದೆ, ಬೆಂಕಿಗೆ ಹಾಕಬಾರದು. ಗೆಣ್ಣುಗಳ ನಡುವೆ ಸಿಕ್ಕಿಕೊಂಡ ಗಾಳಿ, ತೇವ ಕಾದು ಪಟಾಕಿಯಂತೆ ಸಿಡಿಯುತ್ತದೆ. ಹೊಳೆಯ ಕಲ್ಲೂ ಹಾಗೇ. ಒಳಗೆ ನೀರು ಕುಡಿದ ಕಲ್ಲು ಬೆಂಕಿಯ ಸುತ್ತ ಇಟ್ಟರೆ ಆವಿಯ ಒತ್ತಡಕ್ಕೆ ಒಡೆದು ಚೂರು ಹಾರಬಹುದು. ಕಲ್ಲಿನಿಂದ ಟಿಕ್ ಟಿಕ್ ಸದ್ದು ಬಂದರೆ ಎಲ್ಲರೂ ದೂರ ಸರಿಯಿರಿ. ಹತ್ತಿರ ಹೋಗಿ ತೆಗೆಯುವ ಪ್ರಯತ್ನ ಬೇಡ.

## ಕಬ್ಬಿಣದ ಟ್ರೈಪಾಡ್ ಆದರೆ

ನೆಲ, ಕೋನ, ಕೊಕ್ಕೆಯ ಮಾತು ಇದಕ್ಕೂ ಒಂದೇ. ಜೊತೆಗೆ ಕಾಲಿನ ತುಂಡುಗಳು ಸೇರುವ ಜಾಗ ನೋಡಿ. ತಿರುಪು ಪೂರ್ತಿ ಕೂರದೆ ಒಂದೆರಡು ಸುತ್ತು ಉಳಿದಿದ್ದರೆ ಅಲ್ಲೇ ಬಾಗುತ್ತದೆ. ಮಣ್ಣು ಸೇರಿದರೂ ಕೂರುವುದಿಲ್ಲ, ಒರೆಸಿ ಹಾಕಿ. ಮೇಲಿನ ಬಳೆಯ ಬೆಸುಗೆಯಲ್ಲಿ ಕೂದಲೆಳೆಯಂಥ ಗೆರೆ ಕಂಡರೆ ಬೆಸುಗೆ ಹಾಕುವವರ ಹತ್ತಿರ ತೋರಿಸುವವರೆಗೆ ಬಳಸಬೇಡಿ. ತಂತಿ ಸುತ್ತಿ ಒಂದು ದಿನ ನಡೆಸಿಬಿಡೋಣ ಅನ್ನುವುದು ಬೇಡ.

ಸರಪಳಿ ಅಥವಾ ಕಾಲಿನಿಂದ ಬೆಳ್ಳಗಿನ ಹೊಗೆ ಬಂದು, ಮೇಲೆ ಬಿಳಿ ಪುಡಿ ಕೂತರೆ ಅದು ಗ್ಯಾಲ್ವನೈಸ್ ಮಾಡಿದ್ದು, ಅಂದರೆ ಸತುವು ಲೇಪಿಸಿದ್ದು. ಸತುವು ಸುಮಾರು 420 ಡಿಗ್ರಿಗೆ ಕರಗುತ್ತದೆ, ಇನ್ನೂ ಕಾದರೆ ಹೊಗೆಯಾಗುತ್ತದೆ. ಆ ಹೊಗೆ ಕುಡಿದರೆ ಕೆಲವು ಗಂಟೆಗಳ ನಂತರ ಚಳಿಜ್ವರ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ ಬರುತ್ತದೆ. ಗಾಳಿ ಬರುವ ಕಡೆಗೆ ಸರಿಯಿರಿ, ಸರಪಳಿ ಬದಲಿಸಿ. ಲೇಪ ಇಲ್ಲದ ಸಾದಾ ಕಬ್ಬಿಣ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಸರಪಳಿ ತನ್ನಿ. ಜ್ವರ ಬಂದರೆ ವೈದ್ಯರಿಗೆ ಈ ಹೊಗೆಯ ವಿಷಯ ಮರೆಯದೆ ಹೇಳಿ.

## ಯಾವಾಗ ಕೈಬಿಡಬೇಕು

ಗಾಳಿಗೆ ಕಿಡಿ ಹಾರಿ ಒಣ ಹುಲ್ಲಿಗೆ ತಲುಪುತ್ತಿದ್ದರೆ ಬೆಂಕಿ ಆರಿಸಿ. ಮೇಲೆ ಕೊಂಬೆ ಇದ್ದರೆ, ಸುತ್ತ ಮೂರು ಮೀಟರ್ ಜಾಗ ಬರಿದಾಗಿಲ್ಲದಿದ್ದರೆ, ಹಚ್ಚಲೇಬಾರದು. ಎರಡು ಸಲ ಸರಿಮಾಡಿದ ಮೇಲೂ ಟ್ರೈಪಾಡ್ ಜಾರಿದರೆ ಅಂದಿಗೆ ಅದನ್ನು ಬಿಟ್ಟು, ಮೂರು ಒಣ ಕಲ್ಲಿನ ಮೇಲೆ ಪಾತ್ರೆ ಇಟ್ಟು ಅಡುಗೆ ಮುಗಿಸಿ. ಮಳೆ ಬಂತು ಅಂತ ಟ್ರೈಪಾಡ್ ಆಗಲಿ, ಕೆಂಡದ ಪಾತ್ರೆ ಆಗಲಿ ಟೆಂಟ್ ಒಳಗೆ ತರಬೇಡಿ. ಹೊಗೆ ಕಾಣದಿದ್ದರೂ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ವಾಕರಿಕೆ, ತಲೆಸುತ್ತು ಬಂದರೆ ಕೂಡಲೇ ಬಯಲಿಗೆ ಬನ್ನಿ, ಸಹಾಯ ಕರೆಯಿರಿ.

ಮೈ ಸುಟ್ಟರೆ ಉಂಗುರ, ಬಳೆ, ಒದ್ದೆ ಬಟ್ಟೆ ತೆಗೆದು, ಹರಿಯುವ ತಂಪು ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಚರ್ಮಕ್ಕೆ ಅಂಟಿದ ಬಟ್ಟೆ ಕೀಳಬೇಡಿ. ಐಸ್, ಎಣ್ಣೆ, ಟೂತ್‌ಪೇಸ್ಟ್ ಏನೂ ಬೇಡ. ಗಾಯ ಪೆಟ್ಟಾದವರ ಅಂಗೈಗಿಂತ ದೊಡ್ಡದಿದ್ದರೆ, ಮುಖ, ಕೈ, ಪಾದ, ಕೀಲಿನ ಮೇಲಿದ್ದರೆ, ಚರ್ಮ ಬೆಳ್ಳಗೆ ಅಥವಾ ಕಪ್ಪಗೆ ಆಗಿದ್ದರೆ, ಸುಟ್ಟದ್ದು ಮಗುವಿಗಾದರೆ, ನೇರ ಆಸ್ಪತ್ರೆಗೆ ಹೊರಡಿ.

ಎಲ್ಲಾ ಮುಗಿದ ಮೇಲೆ ಮೊದಲು ಪಾತ್ರೆ, ಆಮೇಲೆ ಸರಪಳಿ ತೆಗೆಯಿರಿ. ಕೆಂಡಕ್ಕೆ ನೀರು ಸುರಿದು, ಕೋಲಿನಿಂದ ಕೆದಕಿ, ಮತ್ತೆ ನೀರು ಸುರಿಯಿರಿ. ಬೂದಿಯ ಮೇಲೆ ಅಂಗೈ ಹಿಡಿದಾಗ ಕಾವು ಬರಬಾರದು. ಕಾಲು ಊರಿದ್ದ ಮೂರು ಗುಂಡಿಗಳನ್ನೂ ಮುಚ್ಚಿ ಹೊರಡಿ, ಕತ್ತಲಲ್ಲಿ ಯಾರದೋ ಕಾಲು ಸಿಕ್ಕಿಕೊಳ್ಳುವುದು ಬೇಡ.